ಎಣ್ಣೆ ಕಾಣದ ಬಾಗಿಲು

ಆಳಂದದ ನಮ್ಮ ಓಣಿಯಲ್ಲಿ ಕಳ್ಳರಿಗೆ ಭಾರಿ ಅನುಕೂಲ. ಯಾವ ಬಾಗಿಲೂ ಕಿರುಗುಡುವುದಿಲ್ಲ! ಕಾರಣ ನಮ್ಮ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ. ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡ ಹೆಂಗಸರನ್ನು ನೀವು ಕಂಡಿದ್ದೀರಿ. ಎಣ್ಣೆ ಡಬ್ಬಿ ಸಿಕ್ಕಿಸಿಕೊಂಡವರನ್ನು ಕಂಡಿದ್ದೀರಾ? ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ, ಉದ್ದ ಮೂತಿಯ ಡಬ್ಬಿ. ಎಲ್ಲಿ ಕಿರ್ ಎಂದರೂ ಆ ಮೂತಿ ಅತ್ತ ತಿರುಗುತ್ತದೆ. ಆದರೆ ಇಡೀ ಓಣಿಯಲ್ಲಿ ಒಂದೇ ಒಂದು ಬಾಗಿಲು ಮಾತ್ರ ಇವತ್ತಿಗೂ ಅರಚುತ್ತದೆ. ಅದು ಸ್ವತಃ ದೊಡ್ಡವ್ವನದು! ದೀಪದ ಬುಡದಲ್ಲೇ ಕತ್ತಲೆ ಎಂದು ನಾವೆಲ್ಲ ನಗುತ್ತಿದ್ದೆವು.

ಹಾಗಂತ ದೊಡ್ಡವ್ವ ಶಾಂತಮೂರ್ತಿ ಎಂದುಕೊಳ್ಳಬೇಡಿ. ಆಕೆ ಆಳಂದದಲ್ಲಿ ಕೆಮ್ಮಿದರೆ ಆಚೆ ಊರು ಕಿಣ್ಣಿ ಸುಲ್ತಾನದಲ್ಲಿ ಎಮ್ಮೆ ಹಗ್ಗ ಹರಿದುಕೊಳ್ಳುತ್ತದೆ! ಅಂಥವಳು ಸದ್ದಿನ ಶತ್ರುವಾದದ್ದು ಮೊಮ್ಮಗಳು ಭಾಗ್ಯಾಳ ಸಲುವಾಗಿ. ಮಗ, ಸೊಸೆ ಜೇವರ್ಗಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾರೆ. ಕೂಸು ಅಜ್ಜಿಯ ಹತ್ತಿರ; ಅಜ್ಜಿಯನ್ನು ಅದು ಕರೆಯುವುದು ‘ಆಯಿ’ ಎಂದು. ಭಾಗ್ಯಾಳಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಆಪರೇಷನ್ ಮಾಡಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದರು. ಕಿವಿಯ ಮೇಲೊಂದು ಯಂತ್ರ, ತಲೆಗೆ ಅಂಟಿಕೊಳ್ಳುವ ಒಂದು ಗುಂಡು ಬಿಲ್ಲೆ. ಸದ್ದೇನೋ ಕೇಳಿಸತೊಡಗಿತು. ಆದರೆ ಕಲಬುರಗಿಯಲ್ಲಿ ಮಾತು ಕಲಿಸುವ ಮೇಡಂ ಎಚ್ಚರಿಸಿದರು: “ಅವ್ವಾರ, ಮಾತು ಯಾವುದು, ಗದ್ದಲ ಯಾವುದು ಅಂತ ಬ್ಯಾರೆ ಮಾಡಾಕ ಕೂಸಿಗಿ ಟೈಮ್ ಬೇಕ್ರಿ. ಸುತ್ತ ಗದ್ದಲ ಕಮ್ಮಿ ಇರಲಿ.”

ಬೇರೆಯವರಾದರೆ ಟಿವಿ ಆರಿಸಿ ಸುಮ್ಮನಾಗುತ್ತಿದ್ದರು. ದೊಡ್ಡವ್ವ ಊರನ್ನೇ ಆರಿಸಲು ಹೊರಟಳು!

ಅವತ್ತೇ ಶುರು. ಕೆಲಸ ಮುಗಿಸಿ ನಾನು ಕಡಗಂಚಿಯಲ್ಲಿ ಬಸ್ ಹತ್ತಿದರೆ, ಕಲಬುರಗಿಯಿಂದ ಮರಳುತ್ತಿದ್ದ ಅಜ್ಜಿ, ಮೊಮ್ಮಗಳು ಅದೇ ಬಸ್ಸಿನಲ್ಲಿ. ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ದೊಡ್ಡವ್ವ ಪಕ್ಕದವನ ಕೈಯಿಂದ ಪೇಪರ್ ಕಸಿದು, ಮಡಚಿ, ಕಿಟಕಿಯ ಸಂದಿಗೆ ತುರುಕಿದಳು.

“ಏನ್ ಮಾಡಾಕತ್ತೀರಿ ಯವ್ವಾ?” ಎಂದ ಕಂಡಕ್ಟರ್.

“ನಿನ್ನ ಬಸ್ಸಿಗಿ ಹಲ್ಲು ಕಟ್ಟಾಕತ್ತೇನಿ. ಹಲ್ಲು ಸಡ್ಲಾದ ಮುದುಕರಂಗ ಕಡಕಡ ಅನ್ನಾಕತ್ತದ!”

ಪಾಪ, ಪೇಪರಿನವನು ಆಳಂದದವರೆಗೂ ಕಿಟಕಿಗೆ ಕತ್ತು ಹೊರಳಿಸಿ ಸುದ್ದಿ ಓದಿದ. ಇನ್ನು ಅಫಜಲಪುರದ ಮದುವೆಯಲ್ಲಿ ಬ್ಯಾಂಡಿನವರ ಡೋಲಿನ ಮೇಲೆ ಆಕೆ ಚಾದರ ಹೊದಿಸಿದ್ದನ್ನು ನನ್ನನ್ನು ಕೇಳಬೇಡಿ. ಆ ಬೀಗರು ನಮ್ಮ ಜೊತೆ ಇನ್ನೂ ಮಾತಾಡುತ್ತಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಭಾಗ್ಯಾಳ ಶಾಲೆಯಲ್ಲಿ. ಹೆಡ್‌ಮಾಸ್ತರರು ಕರೆಸಿದಾಗ ನಾನೂ ಜೊತೆಗಿದ್ದೆ.

“ನಮ್ಮ ಮಾರಿ, ತುಟಿ ನೋಡಿದ್ರಷ್ಟೇ ಕೂಸಿಗಿ ತಿಳೀತದ್ರಿ. ನಾವು ಬೋರ್ಡಿನ ಕಡೆ ಹೊಳ್ಳಿದ್ರ ಮುಗೀತು. ದೀಪಾವಳಿ ತನಕ ನೋಡೋಣು. ಆಗಲಿಲ್ಲಂದ್ರ ಕಿವುಡ ಮಕ್ಕಳ ಸಾಲಿಗಿ ಹಾಕ್ರಿ. ದೂರ ಆದ್ರೂ ಅಲ್ಲಿ ಹಾಸ್ಟೆಲ್ ಅದ.”

ಹಾಸ್ಟೆಲ್ ಎಂದ ಕೂಡಲೇ ದೊಡ್ಡವ್ವನ ಕೈ ಭಾಗ್ಯಾಳ ಭುಜವನ್ನು ಬಿಗಿಯಾಗಿ ಹಿಡಿಯಿತು. “ಕೂಸಿಗಿ ಕೇಳಸ್ತದ್ರಿ ಸರ. ನಿಮ್ಮ ಸಾಲಿಗೇ ಬಾಯಿ ಭಾಳ ಅದ! ಇಕಿ ಓಣಿ ಹುಡುಗ್ರ ಜೋಡಿ ಇಲ್ಲೇ ಕಲೀತಾಳ.”

ಶಾಲೆಯಿಂದ ಆಕೆ ನೆಟ್ಟಗೆ ಹೋದದ್ದು ಪಂಕ್ಚರ್ ಅಂಗಡಿಗೆ, ಹಳೆ ಟ್ಯೂಬ್ ಕೇಳಲು. “ಇತ್ತೇ ಟ್ಯೂಬಾಂ ಕ್ಯಾ ಕರ್ತೇ ಖಾಲಾ?” ಎಂದರು ಅಂಗಡಿಯ ಭಾಯಿ, ಇಷ್ಟೊಂದು ಟ್ಯೂಬು ಏತಕ್ಕೆಂದು ಬೆರಗಾಗಿ.

“ಬೆಂಚಿಗಿ ಚಪ್ಪಲ್ ಹಾಕ್ತೇನಿ!”

ಅಕ್ಷರಶಃ ಹಾಗೇ ಮಾಡಿದಳು. ರವಿವಾರ ಓಣಿಯವರ ಹಳೆ ಚಪ್ಪಲಿಗಳ ಅಟ್ಟೆ ಕತ್ತರಿಸಿ, ಪ್ರತಿ ಬೆಂಚಿನ ಕಾಲಿಗೂ ಇಟ್ಟು, ಟ್ಯೂಬಿನಿಂದ ಬಿಗಿದಳು. ಅದರಲ್ಲಿ ನನ್ನ ಹೊಸ ಚಪ್ಪಲಿಯೂ ಇತ್ತು! ಕೇಳಿದರೆ, “ನಿನ್ನ ಕಾಲಾಗ ಇದ್ರ ಬರೇ ತಿರಗತದ ತಮ್ಮಾ, ಇಲ್ಲಿದ್ರ ವಿದ್ಯಾ ಕಲೀತದ” ಎಂದಳು. ಫ್ಯಾನಿಗೆ ಎಣ್ಣೆ ಬಿತ್ತು, ಬಾಗಿಲಿಗೆ ಬಿತ್ತು. ಹೆಡ್‌ಮಾಸ್ತರರ ಕುರ್ಚಿಗೂ ಬಿತ್ತು. ಸೋಮವಾರ ಅವರು ಎದ್ದು ನಿಂತಾಗ ಬಿಳಿ ಪ್ಯಾಂಟಿನ ಹಿಂದೆ ಏನಾಗಿತ್ತು ಎಂಬುದನ್ನು ಇಡೀ ಶಾಲೆ ಗೌರವದಿಂದ ನೋಡಿತು.

ಮಕ್ಕಳಿಗೆ ಇದೆಲ್ಲ ಹೊಸ ಆಟ. ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಬಾಯಿ ತೆರೆಯಬಾರದು ಎಂದು ದೊಡ್ಡವ್ವ ಮಾಡಿದ ಕಾನೂನನ್ನು ಅವರೇ ಎಲ್ಲರ ಮೇಲೂ ಹೇರತೊಡಗಿದರು. ಟೀಚರ್ ನಡುವೆ ಬಾಯಿ ಹಾಕಿದರೂ “ಶ್‌ಶ್!” ಈಗ ಭಾಗ್ಯಾಳ ಪಕ್ಕ ಕೂರಲು ದಿನವೂ ಜಗಳ. ಆ ಜಗಳವೂ ಒಬ್ಬೊಬ್ಬರಾಗಿಯೇ ನಡೆಯುತ್ತಿತ್ತು!

ದೀಪಾವಳಿ ರಜೆಗೆ ಮುಂಚೆ ಹೆಡ್‌ಮಾಸ್ತರರು ಕ್ಲಾಸಿಗೆ ಬಂದು ನಿಂತರು. ದೊಡ್ಡವ್ವ ಮತ್ತು ನಾನು ಕಿಟಕಿಯ ಹೊರಗೆ. ಟೀಚರ್ ಬೋರ್ಡಿನ ಕಡೆ ತಿರುಗಿಯೇ ಕೇಳಿದರು, “ನಾಳೆ ಪ್ರಾರ್ಥನಾ ಯಾರು ಹೇಳ್ತೀರಿ?”

ಯಾರೂ ಮಿಸುಕಲಿಲ್ಲ. ದೊಡ್ಡವ್ವನ ಉಗುರು ನನ್ನ ತೋಳಿಗಿಳಿಯಿತು.

“ನಾ ಹೇಳ್ತೇನ್ರಿ ಟೀಚರ್!”

ಭಾಗ್ಯಾ! ಹೆಡ್‌ಮಾಸ್ತರರು ಮತ್ತೆ ಹಾಸ್ಟೆಲ್ ಸುದ್ದಿ ಎತ್ತಲಿಲ್ಲ.

ಆ ಖುಷಿಯಲ್ಲಿ ಸಂಜೆ ಒಂದು ಉಪಕಾರ ಮಾಡೋಣವೆಂದು ದೊಡ್ಡವ್ವನ ಮನೆಗೆ ಹೋದೆ. ಭಾಗ್ಯಾ ಬಾಗಿಲಿಗೆ ಬೆನ್ನು ಹಾಕಿ ಬರೆಯುತ್ತ ಕೂತಿದ್ದಳು. “ಊರಿಗೆಲ್ಲ ಎಣ್ಣಿ ಹಾಕ್ದಿ, ಈಗ ನಿಂದೇ ಪಾಳಿ” ಎಂದು ಡಬ್ಬಿ ಎತ್ತಿಕೊಂಡು ಬಾಗಿಲ ಕಡೆ ನಡೆದೆ. ದೊಡ್ಡವ್ವ ನನ್ನ ಕೈ ಹಿಡಿದಳು. ಅಷ್ಟರಲ್ಲಿ ಭಾಗ್ಯಾ ತಿರುಗಿ ಕೂಗಿದಳು:

“ಕಾಕಾ, ಹಾಕಬ್ಯಾಡ! ಅದು ಕಿರ್ರ್ ಅಂದ್ರ ಆಯಿ ಬಂದ್ಲು ಅಂತ ನಂಗ ಗೊತ್ತಾಗ್ತದ.”

ನಾನು ಡಬ್ಬಿ ಕೆಳಗಿಟ್ಟೆ. ಭಾಗ್ಯಾ ಮತ್ತೆ ಬರೆಯತೊಡಗಿದ ಮೇಲೆ ದೊಡ್ಡವ್ವ ಮೆಲ್ಲಗೆ ಹೊರಗೆ ಹೋದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲು ತಳ್ಳಿದಳು. ಕಿರ್ರ್...

ಭಾಗ್ಯಾ ತಲೆ ಎತ್ತದೆಯೇ ಹೇಳಿದಳು, “ಆಯಿ ಬಂದ್ಲು.”