ಅಮಾವಾಸ್ಯೆ ದಿನ ಊಟಕ್ಕೆ ಬಂದವಳು

ಹೇಳದೆ ಕೇಳದೆ ಮನೆಗೆ ಬರುವವರು ಪಂಚಾಂಗ ನೋಡಿಕೊಂಡು ಬರಬೇಕು. ಈ ಬುದ್ಧಿ ನನಗೆ ಬಂದದ್ದು ಅರವತ್ತೆರಡನೇ ವಯಸ್ಸಿಗೆ. ನಂಜನಗೂಡಿನಲ್ಲಿ ನರ್ಸಾಗಿ ರಿಟೈರಾದವಳು ತೆಪ್ಪಗಿರದೆ, ಸಂಬಳವಿಲ್ಲದ ಸೇವೆ ಅಂತ ಆಫ್ರಿಕಾದ ಮಲಾವಿಗೆ ಹೋಗಿ, ಎರಡು ವರ್ಷ ಅಲ್ಲಿನ ಹುಡುಗಿಯರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದೆ. ದೆವ್ವಗಿವ್ವ ಎಲ್ಲ ಸುಳ್ಳು ಅಂತ ಪುಕ್ಕಟೆ ಭಾಷಣ ಬೇರೆ. ಕೊನೆಯ ಎರಡು ತಿಂಗಳು ಫೋನು ಕೆಟ್ಟಿತ್ತು. ಹೇಗೂ ಹೊರಟಿದ್ದೇನಲ್ಲ, ಎದುರಿಗೇ ಹೋಗಿ ನಿಂತರಾಯಿತು ಅಂದುಕೊಂಡೆ.

ನಂಜನಗೂಡಿನಲ್ಲಿ ಬಸ್ಸು ಬದಲಾಯಿಸಿ, ಸುತ್ತೂರಿನ ಮೇಲೆ ಟಿ. ನರಸೀಪುರದ ತಮ್ಮನ ಮನೆ ಸೇರಿದಾಗ ನಡುಮಧ್ಯಾಹ್ನ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಮುಂಬಾಗಿಲು ಮುಚ್ಚಿತ್ತು. ಹಿತ್ತಿಲಿಂದ ಒಳಗೆ ಹೋದೆ. ನಡುಮನೆಯ ಕತ್ತಲಲ್ಲಿ ದೀಪ ಉರಿಯುತ್ತಿತ್ತು. ಎರಡು ಎಲೆಗಳ ತುಂಬ ಬಿಸಿ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಎರಡು ದಿನದ ಪ್ರಯಾಣದ ಹಸಿವು ನೋಡಿ, ಗೋಡೆ ಕಡೆಯ ಎಲೆಗೆ ಕೂತೇಬಿಟ್ಟೆ.

ಅರ್ಧ ಉಂಡ ಮೇಲೆ ತಲೆ ಎತ್ತಿದೆ. ಗೋಡೆಯ ಮೇಲೆ ಅಪ್ಪನ ಫೋಟೊ, ಅವ್ವನ ಫೋಟೊ, ಪಕ್ಕದಲ್ಲಿ ನನ್ನದು. ಮೂವರಿಗೂ ಕುಂಕುಮ, ಮೂವರಿಗೂ ಹೂವು. ಆಗ ಹೊಳೆಯಿತು, ಇವತ್ತು ಪಿತೃಪಕ್ಷದ ಅಮಾವಾಸ್ಯೆ. ಸತ್ತ ಹಿರೀಕರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲಿ ಅಂತ ನಡುಮನೆ ಬಾಗಿಲು ಮುಚ್ಚಿ ಮನೆಯವರೆಲ್ಲ ಮುಂದಿನ ಪಡಸಾಲೆಯಲ್ಲಿ ಕೂತಿದ್ದಾರೆ. ಹೇಗೂ ಕೂತಾಗಿದೆ, ಎಲೆ ಅರ್ಧಕ್ಕೆ ಬಿಡಬಾರದು ಅಂತ ಉಳಿದದ್ದನ್ನೂ ಉಂಡು ಮುಗಿಸಿದೆ.

ಬಾಗಿಲಾಚೆ ತಮ್ಮನ ಹೆಂಡತಿ ಜಯ ಪಿಸುಗುಟ್ಟಿದಳು. "ಈ ಸಲ ಸದ್ದು ಕೇಳ್ತಾ ಅದೆ ಕಣ್ರೀ."

"ಸುಮ್ಕಿರು, ನೆಮ್ಮದಿಯಾಗಿ ಉಣ್ಲಿ," ಅಂದ ತಮ್ಮ ಮಾದೇವ.

ಆಮೇಲೆ ಬಾಗಿಲು ತೆರೆಯಿತು. ನನ್ನನ್ನು ನೋಡಿ ಮಾದೇವ ಕಿರುಚಲಿಲ್ಲ, ಓಡಲಿಲ್ಲ. ಹೊಸಿಲಲ್ಲೇ ಕೂತು, ಮೆಲ್ಲಗೆ ಕೇಳಿದ. "ಯಾವಾಗ ತೀರ್ಕೊಂಡ್ಯಕ್ಕ? ನಮಗೆ ಯಾರೂ ಒಂದ್ ಮಾತೂ ಏಳ್ನಿಲ್ವಲ್ಲ."

ಅವನ ಕಣ್ಣಲ್ಲಿ ನೀರು. ನನಗೂ ದುಃಖ ಒತ್ತರಿಸಿ ಬಂತು. ಒಡಹುಟ್ಟಿದವನೇ ಸತ್ತಳು ಅಂದಮೇಲೆ, ಇದ್ದೀನಿ ಅಂತ ಯಾರಿಗೆ ಹೇಳುವುದು? ಜಯ ಮಾತ್ರ ನನ್ನ ಪಾದ ಹಿಂದುಮುಂದಾಗಿದೆಯೇ ಅಂತ ಬಗ್ಗಿ ನೋಡಿ, "ನೆಟ್ಟಗವೆ ಕಣ್ರೀ" ಅಂದಳು. ಅಲ್ಲಿಗೆ ನಾನು ಬದುಕಿದೆ.

ಫೋಟೊ ಅಲ್ಲಿದ್ದದ್ದು ಯಾಕೆಂದರೆ ಮೊಳೆ ಇದ್ದದ್ದು ಅಲ್ಲೇ. "ಸಾಲಾಗಿ ಕುಂಕುಮ ಇಟ್ಕಂಡು ಬಂದೆ, ಕೈ ತಡೀನಿಲ್ಲ ಅಕ್ಕ," ಅಂದಳು ಜಯ. ಸಂಜೆಯೊಳಗೆ ಫೋಟೊ ಟೀವಿ ಮೇಲಕ್ಕೆ ಬಂತು. ಎಲ್ಲ ಸರಿಹೋಗುತ್ತಿತ್ತು, ಎಲೆ ಎತ್ತುವಾಗ ಜಯ ಒಂದು ಮಾತು ಹೇಳದೇ ಇದ್ದಿದ್ದರೆ.

"ಎರಡು ಎಲೇನೂ ಖಾಲಿ ಮಾಡಿದ್ಯಲ್ಲಕ್ಕ, ಅಷ್ಟೊಂದು ಅಸಿವಾ?"

ನಾನು ಕೂತಿದ್ದು ಒಂದೇ ಎಲೆಗೆ. ಅಪ್ಪನ ಎಲೆಗೆ. ಅವ್ವನದನ್ನು ಮುಟ್ಟಿರಲಿಲ್ಲ. ಇನ್ನೊಂದು ವಿಷಯವೂ ಆಗಲೇ ನೆನಪಾಯಿತು. ಉಣ್ಣುತ್ತಿದ್ದಾಗ ನನ್ನ ಎಲೆಯ ವಡೆ ಮುಗಿದು, ನೋಡಿದರೆ ಮತ್ತೊಂದು ಇತ್ತು. ಅವ್ವ ಇದ್ದಾಗ ತನ್ನ ಪಾಲಿನದನ್ನು ಹೀಗೇ ನನ್ನ ಎಲೆಗೆ ಸರಿಸುತ್ತಿದ್ದಳು.

"ಹೂಂ ಕಣಮ್ಮ, ತುಂಬ ಹಸಿವಾಗಿತ್ತು," ಅಂದೆ. ಮಲಾವಿಯಲ್ಲಿ ಅಷ್ಟು ಭಾಷಣ ಬಿಗಿದ ಬಾಯಿ ಇದು. ಈಗ ಬೀದಿಗೆಲ್ಲ ನಾನು ಸತ್ತವರ ಎಡೆಯನ್ನೂ ಬಿಡದ ಹೊಟ್ಟೆಬಾಕಿ. ಅನ್ನಲಿ ಬಿಡಿ. ಇಬ್ಬರ ಊಟ ಉಂಡೆ ಅಂತ ಒಪ್ಪಿಕೊಳ್ಳಬಹುದು, ಇಬ್ಬರು ಕೂತು ಉಂಡೆವು ಅಂತ ಯಾರ ಹತ್ತಿರ ಹೇಳಲಿ?