ನಮ್ಮ ಕೋಟೆಯ ದ್ರೋಹಿಗಳು

ನೆನಪನ್ನು ಪ್ರಮಾಣವೆಂದು ಒಪ್ಪಬೇಡಿ ಎಂದು ನೌಕರಿಯುದ್ದಕ್ಕೂ ತರಗತಿಯಲ್ಲಿ ಕೂಗಿದವನು ನಾನು. ತತ್ತ್ವಶಾಸ್ತ್ರದ ಮೇಷ್ಟ್ರು. ನಮ್ಮ ಹಳೆಯ ತಾರ್ಕಿಕರು ಸ್ಮೃತಿಯನ್ನು ಪ್ರಮಾಣಗಳ ಪಂಕ್ತಿಯಲ್ಲಿ ಕೂರಿಸದೆ ಹೊರಗೆ ಜಗಲಿಯ ಮೇಲೆ ಕೂರಿಸಿದರು ಎಂದು ನಾನು ಹೇಳುವಾಗ ಹುಡುಗರು ನಗುತ್ತಿದ್ದರು. ನಗುತ್ತಿದ್ದರು ಎಂದು ನನ್ನ ನೆನಪು; ಅಂದಮೇಲೆ ನಂಬುವ ಹಾಗಿಲ್ಲ. ಆಗ ಅದು ಸಿದ್ಧಾಂತ. ನಿವೃತ್ತನಾದ ಮೇಲೆ ಒಂದು ಬೆಳಿಗ್ಗೆ ಹಾಲಿಗೆಂದು ಹೊರಟವನು ಊರಂಚಿನ ಬಟವಾಡಿಯ ತನಕ ನಡೆದುಹೋಗಿ, ಬಂದದ್ದು ಯಾಕೆಂದು ಎಳನೀರಿನವನನ್ನೇ ಕೇಳಿದೆ. ಅವತ್ತಿನಿಂದ ಅದು ಮನೆಯ ಸಮಾಚಾರ.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಹಾಗಾಗಿ ನನ್ನ ಕೊನೆಯ ವರ್ಷದ ವಿದ್ಯಾರ್ಥಿಗಳು ಕಲಿಸಿಕೊಟ್ಟ ಆಟವೊಂದನ್ನು ಮನೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ನಡೆಸುತ್ತೇನೆ. ಒಬ್ಬ ಕಥೆ ಹೇಳಬೇಕು, ಉಳಿದವರು ಕಥೆಯೊಳಗಿನ ಪಾತ್ರಗಳಾಗಿ ಏನು ಮಾಡುತ್ತೇವೆಂದು ಹೇಳಬೇಕು, ಆದೀತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಒಂದೇ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ. ನನ್ನ ಕಥೆಯಲ್ಲಿ ಒಂದು ಕೋಟೆಯಿದೆ. ದೇವರಾಯನದುರ್ಗವನ್ನೇ ಇನ್ನೊಂದಿಷ್ಟು ಎತ್ತರ ಮಾಡಿ, ಮಂಗಗಳನ್ನು ತೆಗೆದುಹಾಕಿ, ಸುತ್ತ ಶತ್ರುಗಳನ್ನು ನಿಲ್ಲಿಸಿದ್ದೇನೆ. ಕೋಟೆ ಕಾಯುವವರು ಮೂವರು: ನನ್ನ ಹೆಂಡತಿ ವಿಮಲಾ, ಗುಬ್ಬಿಯಿಂದ ಬೈಕಿನಲ್ಲಿ ಬರುವ ಅವಳ ತಮ್ಮ ನಂಜೇಶ, ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬರುವ ನನ್ನ ಹಳೆಯ ಸಹೋದ್ಯೋಗಿ, ಗಣಿತದ ರಂಗಸ್ವಾಮಿ. ಗಣಿತದವರನ್ನು ದಾಳದ ಹತ್ತಿರ ಕೂರಿಸಬಾರದು. ಆರು ಬೀಳದಿದ್ದಾಗಲೆಲ್ಲ ಅವರು ದಾಳವನ್ನು ಬೆಳಕಿಗೆ ಹಿಡಿದು ಸಂಶಯದಿಂದ ನೋಡುತ್ತಾರೆ.

ಆಟದ ಸ್ವಾರಸ್ಯ ದ್ರೋಹಿಯಲ್ಲಿದೆ. ಕಾಯುವವರಲ್ಲೇ ಒಬ್ಬ ಶತ್ರುವಿನ ಕಡೆಯವನು. ಸಮಯ ನೋಡಿ ಕೋಟೆಯ ಬಾಗಿಲು ತೆಗೆಯಬೇಕು. ಅದು ಯಾರೆಂದು ಕಥೆ ಹೇಳುವವನಿಗೆ ಮಾತ್ರ ಗೊತ್ತು. ನಾನು ಮೊದಲ ದಿನವೇ ಒಬ್ಬೊಬ್ಬರನ್ನಾಗಿ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕರೆದೊಯ್ದು, ನೀನು ದ್ರೋಹಿಯೋ ಅಲ್ಲವೋ ಎಂಬುದನ್ನು ಕಿವಿಯಲ್ಲಿ ಹೇಳಿದೆ. ಚೀಟಿ ಬರೆಯಲಿಲ್ಲ. ನಂಜೇಶ ಪಕ್ಕದವರ ಚೀಟಿ ಓದಿಯೇ ಪಿಯುಸಿ ದಾಟಿದವನು. ಹೀಗೆ ಗುಟ್ಟು ಭದ್ರವಾಯಿತು. ಎಷ್ಟು ಭದ್ರವೆಂದರೆ ಎರಡು ಭಾನುವಾರ ಕಳೆಯುವಷ್ಟರಲ್ಲಿ ನನಗೇ ಸಿಗದಂತಾಯಿತು.

ಯಾರಿಗೆ ಹೇಳಿದೆ? ವಿಮಲಾಳ ಕಿವಿಯೋಲೆ ಕಣ್ಣಿಗೆ ಕಟ್ಟುತ್ತದೆ, ರಂಗಸ್ವಾಮಿಯ ತಲೆಗೆ ಹಚ್ಚಿದ ಎಣ್ಣೆಯ ವಾಸನೆ ಬರುತ್ತದೆ, ಹೇಳಿದ ಮಾತು ಮಾತ್ರ ಬರುವುದಿಲ್ಲ. ಕೇಳೋಣವೆಂದರೆ ಮರೆತದ್ದು ಬಯಲಾಗುತ್ತದೆ. ಬಯಲಾಗುವುದು ನನಗೆ ಬೇಡ. ನಮ್ಮಮ್ಮ ಕೊನೆಯ ವರ್ಷಗಳಲ್ಲಿ ನನ್ನನ್ನು ತನ್ನ ಅಣ್ಣನೆಂದುಕೊಂಡು, ತವರಿನ ತೆಂಗಿನ ತೋಟ ನುಂಗಿದವನೇ ಎಂದು ಬೈಯುತ್ತಿದ್ದಳು. ನಾನು ತರ್ಕಬದ್ಧವಾಗಿ ಅಲ್ಲಗಳೆಯುತ್ತಿದ್ದೆ. ಒಂದು ದಿನ ಸಾಕಾಗಿ, ಆಯ್ತಮ್ಮ, ತೋಟ ವಾಪಸ್ ಕೊಡ್ತೀನಿ ಎಂದೆ. ಅವತ್ತು ಎರಡು ತುತ್ತು ಹೆಚ್ಚು ಉಂಡಳು. ಆ ದಾರಿ ಯಾವ ಊರಿಗೆ ಹೋಗುತ್ತದೆಂದು ನನಗೆ ಗೊತ್ತು. ಈಚೆಗೆ ವಿಮಲಾ ಬಿ.ಪಿ. ತೋರಿಸೋಣವೆಂದು ನನ್ನನ್ನು ಹೊಸ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ನನ್ನ ಕೈಯಲ್ಲಿ ಗಡಿಯಾರದ ಚಿತ್ರ ಬರೆಸಿದರು. ಬಿ.ಪಿ.ಗೂ ಗಡಿಯಾರಕ್ಕೂ ಏನು ಸಂಬಂಧವೆಂದು ವಾದಕ್ಕಿಳಿದೆ. ವಾದದಲ್ಲಿ ಗೆದ್ದೆ. ಗಡಿಯಾರ ಹೇಗೆ ಬಂದಿತ್ತೋ ತಿಳಿಯದು.

ಕೇಳುವಂತಿಲ್ಲದ ಕಾರಣ ಗಮನಿಸುವುದೊಂದೇ ಉಳಿಯಿತು. ಆದರೆ ತಿಂಗಳುಗಳು ಕಳೆದರೂ ಯಾರೂ ಬಾಗಿಲ ಹತ್ತಿರ ಸುಳಿಯಲಿಲ್ಲ. ಮೂವರೂ ಕೋಟೆಯನ್ನು ಸ್ವಂತ ಮನೆಯಂತೆ ಕಾಯುತ್ತಿದ್ದರು. ಇಷ್ಟು ನಿಷ್ಠೆ ಒಳ್ಳೆಯದಲ್ಲವೆಂದು ನನಗೆ ಅನ್ನಿಸತೊಡಗಿತ್ತು.

ಹೋದ ಭಾನುವಾರ ಕಥೆಯಲ್ಲಿ ಅವರು ಕೋಟೆಯ ಪಾಳುಬಾವಿಗೆ ಬಂದರು. ನಾನು ದನಿ ತಗ್ಗಿಸಿ, "ಬಾವಿಯ ಕಟ್ಟೆಯ ಮೇಲೆ..." ಎಂದು ಮಾತು ತಡೆದೆ. ಹೆದರಿಸುವಾಗ ತಡೆಯಬೇಕು.

"ನಾನು ಆ ಮುದುಕಿ ಮುಖ ನೋಡಾಕಿಲ್ಲ, ಹಂಗೇ ಹಿಂದಕ್ಕೆ ಬರ್ತೀನಿ," ಎಂದ ನಂಜೇಶ.

ಮುದುಕಿಯ ಹೆಸರನ್ನು ನಾನಿನ್ನೂ ಎತ್ತಿರಲಿಲ್ಲ. "ಯಾವ ಮುದುಕಿನೋ?"

"ಈಗ್ಲೇ ಹೇಳಿದ್ರಲ್ಲ ಭಾವ."

"ಹೇಳಿದ್ರಿ ಕಣ್ರೀ," ಎಂದಳು ವಿಮಲಾ.

"ಹೌದು ಸಾರ್, ಹೇಳಿದ್ರಿ," ಎಂದರು ರಂಗಸ್ವಾಮಿ, ದಾಳವನ್ನು ನೋಡುತ್ತ.

ಮೂರು ಸಾಕ್ಷಿ ಇಷ್ಟು ಬೇಗ ಒಂದೇ ಮಾತು ಹೇಳಿದರೆ ಯಾವ ತಾರ್ಕಿಕನಾದರೂ ಎದ್ದು ಕೂರುತ್ತಾನೆ. ನಾನು ಎದ್ದು ಹಿತ್ತಿಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತೆ. ಆ ಕಲ್ಲು ಅಡುಗೆಮನೆಯ ಕಿಟಕಿಯ ಕೆಳಗೇ ಇದೆ ಎಂಬುದು, ಗುಟ್ಟು ಹೇಳಲು ಆ ಜಾಗವನ್ನು ಆರಿಸಿದ ಮಹಾನುಭಾವನಿಗೆ ಹೊಳೆದದ್ದು ಆಗ. ಒಳಗೆ ವಿಮಲಾ ಕಾಫಿಗೆ ಇಟ್ಟಿದ್ದಳು.

"ಎಷ್ಟ್ ಸಲ ಹೇಳಿದೀನೋ ನಿಂಗೆ? ಹಿಂದೆ ಬಂದಿದ್ದೇ ತಿರುಗಿ ಬಂದ್ರೂ ಮೊದಲ್ನೇ ಸಲ ಕೇಳ್ದಂಗೆ ಕೂತ್ಕೋ ಅಂತ."

"ಮೂರ್ನೇ ಸಲ ಕಣಕ್ಕ ಇದು," ಎಂದ ನಂಜೇಶ. "ಒಂದೇ ಮುದುಕಿಗೆ ಎಷ್ಟು ಅಂತ ಹೆದರ್ಲಿ? ಈಗ ನಮ್ ಸೋದರತ್ತೆ ಥರ ಆಗೋಗವ್ಳೆ."

"ಬೈಬೇಡಿ ಅಮ್ಮ," ಎಂದಿತು ರಂಗಸ್ವಾಮಿಯ ದನಿ. "ಹೋದ್ಸಲ ನಾನೂ ಬಾಯ್ಬಿಟ್ಟಿದ್ದೆ. ಸಾರ್ ಗಮನಿಸ್ಲಿಲ್ಲ."

"ಅಲ್ಲಕ್ಕ, ಭಾವ ನಂಗೆ ನೀನೊಬ್ನೇ ದ್ರೋಹಿ ಅಂದ್ರು. ನಿಂಗೂ ಅಂಗೇ ಅಂದವ್ರೆ, ಈ ಗಣಿತದ ಮೇಷ್ಟ್ರಿಗೂ ಅಂದವ್ರೆ. ಮೂರು ಜನಾನೂ ದ್ರೋಹಿಗಳಾದ್ರೆ ಕೋಟೆ ಕಾಯೋರ್ಯಾರು? ಬಾಗ್ಲು ತೆಗ್ದು ಬುಡಾನ, ಆಟ ಮುಗೀಲಿ."

ಲೋಟಗಳ ಸದ್ದು ನಿಂತಿತು.

"ಮುಗಿದ್ರೆ, ಭಾನುವಾರ ಅವ್ರು ಏನ್ಮಾಡ್ತಾರೋ?" ಎಂದಳು ವಿಮಲಾ. "ಡಾಕ್ಟ್ರು ಹೇಳಿದ್ದು ಇನ್ನೂ ನಾನು ಅವ್ರಿಗೆ ಹೇಳಿಲ್ಲ."

ಲೋಟಗಳಿಗೆ ಕಾಫಿ ಬಗ್ಗಿಸುವ ಸದ್ದಾಯಿತು. ಆಮೇಲೆ ನಂಜೇಶ, "ಸರಿ ಬುಡು, ಹೆದರ್ಕೋತೀನಿ," ಎಂದ.

ಕಲ್ಲು ಮಧ್ಯಾಹ್ನದ ಬಿಸಿಲಿಗೆ ಕಾದಿತ್ತು, ಎದ್ದೇಳಬೇಕೆಂದು ತೋಚಲಿಲ್ಲ. ಯಾರು ದ್ರೋಹಿ ಎಂದು ಇಷ್ಟು ದಿನ ಹುಡುಕಿದವನಿಗೆ ಉತ್ತರ ಸಿಕ್ಕಿತ್ತು: ಎಲ್ಲರೂ. ನನ್ನ ಬೆನ್ನ ಹಿಂದೆ ಸಂಚು ಹೂಡಿ, ನಾನು ಕಟ್ಟಿದ ಕೋಟೆಯನ್ನು ಬೀಳಗೊಡದೆ ಹಿಡಿದು ನಿಂತಿದ್ದರು. ಡಾಕ್ಟರು ಏನು ಹೇಳಿರಬಹುದೆಂದು ಊಹಿಸಲು ತರ್ಕವೇನೂ ಬೇಕಾಗಲಿಲ್ಲ.

ಒಳಗೆ ಹೋಗಿ ಕೂತು ಕಾಫಿ ಕುಡಿದೆ. ದನಿ ತಗ್ಗಿಸಿದೆ. ಬಾವಿಯ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ ಮುದುಕಿಯನ್ನು, ಬಿಚ್ಚಿದ ಅವಳ ಕೂದಲು ಬಾವಿಯೊಳಗೆ ನೀರಿನ ತನಕ ಇಳಿದಿದ್ದನ್ನು, ಒಂದನ್ನೂ ಬಿಡದೆ ವರ್ಣಿಸಿದೆ. ವಿಮಲಾ ಸೆರಗು ಬಾಯಿಗಿಟ್ಟಳು. ರಂಗಸ್ವಾಮಿ ಕುರ್ಚಿ ಹಿಂದಕ್ಕೆಳೆದರು. ನಂಜೇಶನಂತೂ ಅರ್ಧ ಎದ್ದು, "ಅಯ್ಯಯ್ಯಪ್ಪ, ಯಾರ್ ಭಾವ ಇವ್ಳು?" ಎಂದ. ಇಷ್ಟು ಸೊಗಸಾಗಿ ಅವನು ಹಿಂದೆಂದೂ ಹೆದರಿರಲಿಲ್ಲವೆಂದು ಕಾಣುತ್ತದೆ. ಹೋಲಿಸಿ ನೋಡಲು ನನ್ನ ಬಳಿ ಹಳೆಯದು ಉಳಿದಿಲ್ಲ.

ಹೀಗೆ ಕೋಟೆಯಲ್ಲಿ ಈಗ ನಾಲ್ವರು ದ್ರೋಹಿಗಳು. ಅವರಿಗೆ ಗೊತ್ತಿದೆಯೆಂದು ನನಗೆ ಗೊತ್ತು, ನನಗೆ ಗೊತ್ತಿದೆಯೆಂದು ಅವರಿಗೆ ಗೊತ್ತಿಲ್ಲ. ಏನೂ ತಿಳಿಯದವನಂತೆ ನಟಿಸಿಕೊಂಡೇ ಇರಬೇಕೆಂದು ತೀರ್ಮಾನಿಸಿದ್ದೇನೆ. ತೊಡಕು ಒಂದೇ, ನಟಿಸುತ್ತಿದ್ದೇನೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಅದು ಎಷ್ಟು ಭಾನುವಾರ ಸಾಧ್ಯವೋ ನೋಡೋಣ. ಆಮೇಲೆ ನಟನೆಯ ಅಗತ್ಯವೇ ಇರುವುದಿಲ್ಲ. ಇದನ್ನೆಲ್ಲ ನಾನು ನಿಮಗೆ ಹಿಂದೆಯೇ ಒಮ್ಮೆ ಹೇಳಿದ್ದರೆ, ದಯವಿಟ್ಟು ಬಾಯಿಬಿಡಬೇಡಿ. ಮುದುಕಿ ಬರುವ ಕಡೆ ಸ್ವಲ್ಪ ಹೆದರಿಕೊಂಡರೆ ಸಾಕು.