ಕಿಂಗ್ಸ್‌ಬರಿಯಲ್ಲಿ ಕೂತು ಕಂಡ ಕೆನಡಾ

ಟಿಕೆಟ್ ಮಾರುವವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತದೆ, ಕೊಡೆ ಕೊಡವಿ ಎದುರಿನ ಕುರ್ಚಿಯಲ್ಲಿ ಕೂರುತ್ತದೆ.

ತೊಂಬತ್ತರ ದಶಕದಲ್ಲಿ ಸೇರಿದವಳು ನಾನು, ಲಂಡನ್ನಿನ ಕಿಂಗ್ಸ್‌ಬರಿಯ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಬಹಳ ವರ್ಷ ಇದ್ದೆ. ನಮ್ಮ ಗಿರಾಕಿಗಳಿಗೆಲ್ಲ ಊರಿನಲ್ಲಿ ಅಪ್ಪ ಅಮ್ಮ, ಕೆನಡಾದಲ್ಲಿ ಒಬ್ಬ ತಮ್ಮ. ಹಾಗಾಗಿ ನನ್ನ ಬೆನ್ನ ಹಿಂದಿನ ಗೋಡೆಗೆ ಕೆನಡಾದ ದೊಡ್ಡ ನಕ್ಷೆ. ನಾನೇನೂ ಕೆನಡಾ ನೋಡಿದವಳಲ್ಲ. ನೋಡಿದವಳ ಹಾಗೆ ಮಾತಾಡುವುದಕ್ಕೇ ನನಗೆ ಸಂಬಳ.

ವ್ಯಾಂಕೂವರಿನಲ್ಲಿ ಮಧ್ಯಾಹ್ನದ ಊಟ

ಧಾರವಾಡದ ಡಾಕ್ಟರೊಬ್ಬರು ಹೆಂಡತಿಯ ಜೊತೆ ಬಂದರು. ಇಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ದುಡಿದು ದುಡಿದು ಕಣ್ಣು ಗುಳಿಬಿದ್ದಿತ್ತು.

"ಟೊರೊಂಟೊದಾಗ ತಮ್ಮನ ಮನಿ ಐತ್ರಿ. ವ್ಯಾಂಕೂವರದಾಗ ನಮ್ಮಾಕಿ ಅಕ್ಕ ಇದ್ದಾಳ. ಒಂದಿನ ಮುಂಜಾನೆ ಕಾರಿನಾಗ ಹೋಗಿ, ಊಟ ಮಾಡಿ, ರಾತ್ರಿಗೆ ವಾಪಸ್ ಬಂದ್ಬಿಡ್ತೀವಿ."

"ಡಾಕ್ಟರೇ, ವಿಮಾನದಲ್ಲೇ ಐದು ಗಂಟೆ. ರೈಲಾದರೆ ಮೂರು ದಿನ ದಾಟುತ್ತದೆ."

"ಅಲ್ರೀ, ಎರಡೂ ಒಂದ ದೇಶದಾಗ ಅದಾವಲ್ಲ!"

ಹೆಂಡತಿ ನಕ್ಷೆ ನೋಡಿದರು. "ನಡುವ ಏನೈತ್ರಿ?"

"ಕಾಡು, ಕೆರೆಗಳು, ಗೋಧಿ ಹೊಲ, ಆಮೇಲೆ ಬೆಟ್ಟ."

"ಮಂದಿ?"

"ಬಹಳ ಕಡಿಮೆ."

ಡಾಕ್ಟರು ಬೆನ್ನು ನೆಟ್ಟಗೆ ಮಾಡಿ ಕೂತರು. "ಮಂದಿ ಇಲ್ಲಂದ್ರ ಪೇಷಂಟೂ ಇಲ್ಲ. ಮೂರು ದಿನಾ ಯಾರೂ 'ಡಾಕ್ಟರ್, ಒಂದ್ನಿಮಿಷ' ಅನ್ನಂಗಿಲ್ಲ. ರೈಲಿಗೇ ಮಾಡ್ರಿ."

ತಿಂಗಳಾದ ಮೇಲೆ ಅವರ ಹೆಂಡತಿ ಅಂಗಡಿ ಮುಂದೆ ಸಿಕ್ಕರು. ಯಜಮಾನರಿಗೆ ವಿಶ್ರಾಂತಿ ಸಿಕ್ಕಿತೇ ಎಂದು ಕೇಳಿದೆ.

"ಎಲ್ಲೀದ್ರಿ! ಮೊದಲನೇ ದಿನಾನ ಯಾರೋ 'ಏನ್ ಕೆಲಸ ಮಾಡ್ತೀರಿ' ಅಂದ್ರು, ಇವರು ಖರೇನ ಹೇಳಿಬಿಟ್ರು. ಆ ದೇಶದಾಗ ಇದ್ದಷ್ಟು ಮಂದೀನೂ ನಮ್ಮ ಡಬ್ಬಿಯೊಳಗ ಇದ್ರು ನೋಡ್ರಿ, ಎಲ್ಲಾರಿಗೂ ಮೊಣಕಾಲು ನೋವು!"

ಖಾಲಿ ಜಾಗ

ಲಂಡನ್ನಿನ ಇನ್ನೊಂದು ಮೂಲೆ ಇಲ್ಫರ್ಡಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದ ಕುಂದಾಪುರದವರೊಬ್ಬರಿಗೆ ಕೆನಡಾದಲ್ಲಿ ಸ್ವಂತ ಹೋಟೆಲ್ ಇಡುವ ಆಸೆ. ಟೊರೊಂಟೊದಲ್ಲಿ ಪೈಪೋಟಿ ಜಾಸ್ತಿ ಎಂದು ಯಾರೋ ಹೆದರಿಸಿದ್ದರು. ಅವರು ಎದ್ದು ಹೋಗಿ ನಕ್ಷೆಯ ಮೇಲ್ಭಾಗದಲ್ಲಿ ಅಂಗೈ ಇಟ್ಟರು.

"ಇಷ್ಟು ಜಾಗದಲ್ಲಿ ಒಂದಾದ್ರೂ ಇಡ್ಲಿ ದೋಸೆ ಹೋಟೆಲ್ ಉಂಟಾ?"

"ಇಲ್ಲ. ಜನರೇ ಅಪರೂಪ. ಹೆಚ್ಚಿನವರೆಲ್ಲ ಕೆಳಗೆ, ಅಮೆರಿಕದ ಗಡಿ ಹತ್ತಿರ ಒತ್ತಾಗಿ ಇದ್ದಾರೆ."

"ಇಷ್ಟು ಜಾಗ ಬಿಟ್ಟು ಅಲ್ಲಿ ಯಾಕೆ ನೂಕಾಡುದು?"

"ಮೇಲೆ ವಿಪರೀತ ಚಳಿ ಅಲ್ವಾ?"

ಅವರು ಬಹಳ ಹೊತ್ತು ಯೋಚಿಸಿ, ಧ್ವನಿ ತಗ್ಗಿಸಿ ಕೇಳಿದರು. "ಅಲ್ಲಿ ಹಿಟ್ಟು ಹುಳಿ ಬರ್ತದಾ?"

"ಹುಳಿ ಬರುವುದಕ್ಕೆ ಮೊದಲೇ ಕಲ್ಲಾಗುತ್ತದೇನೋ."

ಅವರು ನಕ್ಷೆಯಿಂದ ಕೈ ತೆಗೆದರು. "ಹಾಗೆ ಹೇಳಿ ಮತ್ತೆ. ಹಿಟ್ಟು ಹುಳಿ ಬಾರದ ಊರಲ್ಲಿ ಜನ ಯಾಕಾದ್ರೂ ಇರ್ತಾರೆ!"

ಫ್ರೆಂಚ್ ಕಲಿತದ್ದು

ಬೆಂಗಳೂರಿನ ಒಬ್ಬರು ಆಂಟಿ ಮಗನ ಮನೆಗೆಂದು ಮಾಂಟ್ರಿಯಲ್‌ಗೆ ಹೊರಟಿದ್ದರು. ಅಲ್ಲಿ ಎಲ್ಲರೂ ಫ್ರೆಂಚ್ ಎಂದು ನಾನೇ ಹೇಳಿಬಿಟ್ಟಿದ್ದೆ. ಪಾಪ, ಚಳಿಗಾಲ ಪೂರ್ತಿ ಕ್ಯಾಸೆಟ್ ಹಾಕಿಕೊಂಡು ಕಲಿತರು. ವಾಪಸ್ ಬಂದವರು ನನ್ನನ್ನು ದುರುಗುಟ್ಟಿ ನೋಡಿದರು.

"ಎಡಗಡೆ ಮನೆಯವರು ಪಂಜಾಬಿಗಳು, ಬಲಗಡೆಯವರು ತಮಿಳರು, ಎದುರು ಅಂಗಡಿಯವನು ಬಂಗಾಳಿ. ನನ್ನ ಪಂಜಾಬಿ ಈಗ ತುಂಬಾ ಚೆನ್ನಾಗಿದೆ ಕಣೇ."

ಲಂಡನ್ನಿಂದ ಲಂಡನ್ನಿಗೆ

ಕಿಂಗ್ಸ್‌ಬರಿಯಲ್ಲಿದ್ದ ಉಡುಪಿ ಕಡೆಯ ದಂಪತಿ ಕೆನಡಾಕ್ಕೆ ಹೋದರು. ಹೋದ ಊರಿನ ಹೆಸರೂ ಲಂಡನ್ನೇ. ಹುಡುಗಿಗೆ ದಿನ ತುಂಬುತ್ತಿತ್ತು. ಬಾಣಂತನಕ್ಕೆ ಊರಿನಿಂದ ತಾಯಿಯನ್ನು ಕರೆಸಿಕೊಳ್ಳಲು ಹಳೆಯ ಪರಿಚಯದಿಂದ ನಮ್ಮಲ್ಲೇ ಫೋನಿನಲ್ಲಿ ಟಿಕೆಟ್ ಮಾಡಿಸಿದಳು. ಇಲ್ಲೇ ಲಂಡನ್ನಿನ ಹೀತ್ರೂದಲ್ಲಿ ವಿಮಾನ ಬದಲಿಸಿ ಟೊರೊಂಟೊ, ಅಲ್ಲಿಗೆ ಅಳಿಯ ಕಾರು ತರುತ್ತಾನೆ.

ಆ ದಿನ ಬೆಳಗ್ಗೆ ಹೀತ್ರೂದಿಂದ ಫೋನ್. ಟಿಕೆಟ್ ಲಕೋಟೆಯ ಮೇಲೆ ನಮ್ಮ ನಂಬರಿತ್ತು. "ಒಬ್ಬರು ಅಜ್ಜಿ ಟೊರೊಂಟೊ ವಿಮಾನ ಹತ್ತುವುದಿಲ್ಲ ಅನ್ನುತ್ತಿದ್ದಾರೆ. ದಯವಿಟ್ಟು ಮಾತಾಡಿ," ಎಂದಳು ಏರ್‌ಲೈನಿನ ಹುಡುಗಿ.

"ಅಮ್ಮಾ, ನೀವು ಹೋಗಬೇಕಾದ್ದು ಕೆನಡಾದ ಲಂಡನ್ನಿಗೆ," ಎಂದೆ.

"ನೀನು ಎಲ್ಲಿಂದ ಮಾತಾಡುದು?"

"ಲಂಡನ್ನಿಂದ."

"ನಾನೀಗ ಇರುದು?"

"ಲಂಡನ್ನಲ್ಲೇ."

"ಹೋಗ್ಬೇಕಾದ್ದು?"

"ಲಂಡನ್ನಿಗೆ."

ಅಜ್ಜಿ ಮೆಲ್ಲಗೆ ಹೇಳಿದರು, "ಮಗಾ, ಅಲ್ಲಿ ದೊಡ್ಡವರು ಯಾರಾದ್ರೂ ಇದ್ರೆ ಫೋನ್ ಕೊಡು."

"ನಿಮ್ಮ ಅಳಿಯನ ಸಂಸಾರ ಕೆನಡಾಕ್ಕೆ ಹೋಗಿ ವರ್ಷವಾಯಿತಮ್ಮ."

"ಮನೆ ಬದಲಾಯಿಸಿದ್ದೇವೆ ಅಂದ್ಲು, ದೇಶ ಬದಲಾಯಿಸಿದ್ದೇವೆ ಅನ್ಲಿಲ್ಲ. ಮನೆ ಹತ್ತಿರ ಥೇಮ್ಸ್ ಹೊಳೆ ಅಂತ ಹೇಳಿದ್ದಾಳೆ. ಇಲ್ಲಿ ಉಂಟಾ?"

"ಉಂಟು. ಅಲ್ಲೂ ಉಂಟು."

"ಆಕ್ಸ್‌ಫರ್ಡ್ ಸ್ಟ್ರೀಟ್?"

ನಾನು ತಲೆ ಮೇಲೆ ಕೈ ಹೊತ್ತೆ. ಆ ಕಾಲದ ಇಂಗ್ಲಿಷ್ ಪುಣ್ಯಾತ್ಮರು ಇಲ್ಲಿಂದ ಹೋಗಿ ಊರು ಕಟ್ಟುವಾಗ ಹೊಸ ಹೆಸರೊಂದನ್ನೂ ಹುಡುಕಿರಲಿಲ್ಲ. "ಅದೂ ಎರಡೂ ಕಡೆ ಉಂಟಮ್ಮ."

"ಮತ್ತೆ ಇಲ್ಲಿ ಇಲ್ಲದ್ದು ಅಲ್ಲಿ ಎಂತ ಉಂಟು?"

"ನಿಮ್ಮ ಮಗಳು."

ಆಚೆ ಚೀಲ ಎತ್ತಿಕೊಂಡ ಸದ್ದು. "ಆ ಹುಡುಗಿಗೆ ಹೇಳು, ಬೇಗ ನಡಿ ಅಂತ." ಗೇಟು ಮುಚ್ಚುವ ಹೊತ್ತಿಗೆ ಹತ್ತಿಸಿದರಂತೆ. ಅವರು ಟೊರೊಂಟೊದಲ್ಲಿ ಇಳಿದ ಸುದ್ದಿ ಬರುವವರೆಗೂ ನನಗೆ ಊಟ ಸೇರಲಿಲ್ಲ.

ವಾರ ಕಳೆದು ಹುಡುಗಿ ಫೋನ್ ಮಾಡಿದಳು. ಹೆಣ್ಣು ಮಗು, ತಾಯಿ ಮಗು ಕ್ಷೇಮ. "ಅಮ್ಮನಿಗೆ ನಿಮ್ಮ ಹತ್ತಿರ ಏನೋ ಕೇಳಬೇಕಂತೆ," ಎಂದು ಫೋನ್ ದಾಟಿಸಿದಳು.

"ಮಗಾ," ಎಂದರು ಅಜ್ಜಿ, ಪಕ್ಕದವರಿಗೆ ಕೇಳದ ಹಾಗೆ. "ಅಳಿಯ ನಾಳೆ ನನ್ನನ್ನು ಕಾರಿನಲ್ಲಿ ಪ್ಯಾರಿಸ್ಸಿಗೆ ಕರ್ಕೊಂಡು ಹೋಗ್ತಾನಂತೆ. ಅದೂ ಇಲ್ಲೇ ಉಂಟಂತೆ, ಒಂದು ಗಂಟೆ ದಾರಿ ಅಷ್ಟೇ ಅಂತಾನೆ. ಇವನು ಎಂತ, ಕುಡೀತಾನಾ?"